ಪ್ರಾರ್ಥನೆಯ ಮೈಕಿನಲ್ಲಿ ಓದಿದ ಎದೆಬಡಿತ

ಇಲ್ಲ… ಯಾರೋ ತಪ್ಪು ನಂಬರಿಗೆ ಫೋನ್ ಮಾಡಿದ್ದಾರೆ ಅಂದುಕೊಂಡೆ.
ನಿನ್ನೆ ಸಂಜೆ ಬಸ್ಸು ಹತ್ತುವಾಗ ನನ್ನನ್ನು "ಖೋಡಿ" ಎಂದು ಬೈದು ಹೋದವಳು ಇವತ್ತು ಇಲ್ಲವೆಂದರೆ ನಂಬುವುದು ಹೇಗೆ?

ಈ ಪೋಸ್ಟು ಓದುವ ಗೆಳೆಯರ ನ್ಯಾಯಪೀಠದ ಮುಂದೆ ಮೊದಲು ಒಂದು ತಪ್ಪೊಪ್ಪಿಗೆ…
ಸುದ್ದಿ ಬಂದ ಸ್ವಲ್ಪ ಹೊತ್ತಿಗೇ, ಬೈಲಹೊಂಗಲದ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಕಪಾಟಿನಿಂದ, ಎದೆಬಡಿತ ಅಳೆಯುವ ಕೈಬ್ಯಾಂಡ್ ಒಂದನ್ನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಕದ್ದಿದ್ದೇನೆ.
ಕದ್ದ ಮಾಲು ಈಗ ನನ್ನ ಎಡಗೈಯಲ್ಲಿದೆ. ಇದನ್ನು ಟೈಪ್ ಮಾಡುವಾಗಲೂ ಮಿನುಗುತ್ತಿದೆ.

ಅದು ಶೈಲಾಳದು.
ಮುನವಳ್ಳಿಯ ಶೈಲಾ. ನಮ್ಮಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದಳು. ಕನ್ನಡ ಕಲಿಸುವ ನನ್ನ ಪಕ್ಕದ ಕುರ್ಚಿ ಅವಳದು.
ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತವಳು ಏಳಲೇ ಇಲ್ಲವಂತೆ…

ಸಿಟ್ಟು ಬರುತ್ತಿದೆ. ಅಳು ಆಮೇಲೆ.

ನಮ್ಮ ಕಾಲೇಜಿನಲ್ಲೊಂದು ಸಂಪ್ರದಾಯ. ಟೆಸ್ಟ್ ಮುಗಿದ ಮೇಲೆ ಪ್ರಾರ್ಥನೆಯಲ್ಲಿ ಎಲ್ಲರ ಅಂಕಗಳನ್ನೂ ಮೈಕಿನಲ್ಲಿ ಓದುವುದು. ಕಡಿಮೆ ಬಂದವರಿಂದ ಶುರು. ಹೆಸರು ಕೂಗಿದವರು ಮುಂದೆ ಹೋಗಿ ನಿಲ್ಲಬೇಕು.
ಕಿತ್ತೂರು, ಸವದತ್ತಿ ಕಡೆಯಿಂದ ಬಸ್ಸಿಗೆ ಜೋತುಬಿದ್ದು ಬರುವವರು, ರಾಮದುರ್ಗದಿಂದ ಬಂದು ಹಾಸ್ಟೆಲ್ಲಿನಲ್ಲಿ ಇರುವವರು… ಎಲ್ಲರೂ.

ಸಿರಸಂಗಿಯ ಹುಡುಗಿಯೊಬ್ಬಳು ಶೈಲಾಳಿಗೆ ಹೇಳಿದ್ದಳು:
"ಹೆಸರು ಓದಿದ ಮ್ಯಾಲೆ ನನ್ನ ತಲಿ ಪಾಟಿ ಒರಸಿದಂಗ ಆಗತೈತ್ರಿ ಮ್ಯಾಡಮ್. ಕಲ್ತಿದ್ದೆಲ್ಲಾ ಹೋಗಿಬಿಡತೈತಿ."

ಬೇರೆಯವರಾಗಿದ್ದರೆ ತಲೆ ಸವರಿ ಕಳಿಸುತ್ತಿದ್ದರು.
ಇವಳು ಬ್ಯಾಂಡ್ ತರಿಸಿದಳು, ಎದೆಬಡಿತ ಏರಿದರೆ ಕೆಂಪಗಾಗುವಂಥವು. ಮಕ್ಕಳನ್ನೂ ಮನೆಯವರನ್ನೂ ಕೇಳಿ ಒಪ್ಪಿಸಿದಳು. ಅಂಕ ಓದಿದ ದಿನ, ಓದದ ದಿನ, ಎರಡೂ ದಿನ ಮೊದಲ ಪಿರಿಯಡ್ಡಿನಲ್ಲಿ ಒಂದಿಷ್ಟು ಪದ ತೋರಿಸಿ, ಎಷ್ಟು ನೆನಪಿದೆ ಎಂದು ಕೇಳುವುದು. ತಿಂಗಳುಗಟ್ಟಲೆ ಇದೇ ಕೆಲಸ.
ಗ್ರಾಫ್ ಅನ್ನು ನಾನೇ ನೋಡಿದ್ದೇನೆ. ನಾಡಗೀತೆಯ ಹೊತ್ತಿಗೆ ಸುಮ್ಮನಿದ್ದ ನಾಡಿ, ಅಂಕ ಶುರುವಾದೊಡನೆ ಗುಡ್ಡ ಹತ್ತುತ್ತಿತ್ತು. ಆ ದಿನಗಳಲ್ಲಿ ನೆನಪು ಕುಸಿಯುತ್ತಿತ್ತು… ಹಿಂದೆ ಬಿದ್ದವರದಷ್ಟೇ ಅಲ್ಲ, ಫಸ್ಟ್ ಬರುವವರದೂ.

ಒಯ್ದು ಪ್ರಾಚಾರ್ಯರ ಮುಂದಿಟ್ಟಳು. (ಪ್ರಚಾರಾಚಾರ್ಯರು ಎಂಬುದು ನಾನಿಟ್ಟ ಹೆಸರು.)
"ಟೆನ್ಶನ್ ಬೇಕ್ರಿ ಮ್ಯಾಡಮ್. ಟೆನ್ಶನ್ ಇಲ್ದ ವಾಯರ್‌ನ್ಯಾಗ ಕರೆಂಟ್ ಹರೀತೈತೇನ್ರಿ?"
"ಕರೆಂಟಿನ ಮಾತು ಆಮ್ಯಾಲೆ ಆಡೂಣ್ರಿ ಸರ್. ಬಲ್ಬ್ ಸುಡಾಕತ್ತಾವು, ಅದನ್ನ ಮೊದಲ ನೋಡ್ರಿ."
ಅವರು ಗ್ರಾಫನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ:
"ಇದ್ರಾಗ ಫಸ್ಟ್ ಯಾರ್ರಿ?"

ಶೈಲಾ ಹೇಳಲಿಲ್ಲ. ಯಾರ ಹೆಸರೂ ಹೊರಗೆ ಹೋಗುವುದಿಲ್ಲವೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಬ್ಯಾಂಡುಗಳಿಗೆ ಇದ್ದದ್ದು ನಂಬರ್ ಮಾತ್ರ.
ಪ್ರಾಚಾರ್ಯರು ಸೀದಾ ಕ್ಲಾಸಿಗೇ ಹೋದರು. "ಯಾವ ನಂಬರ್ ಯಾರದ್ರಲೇ? ಕೈ ಎತ್ರಿ!"
ಮಕ್ಕಳು ಎತ್ತಿದರು. ಮಕ್ಕಳಲ್ಲವೇ…

ಮುಂದಿನ ಸೋಮವಾರ ಪ್ರಾರ್ಥನೆಯಲ್ಲಿ ಅಂಕದ ಜೊತೆಗೆ ಎದೆಬಡಿತವನ್ನೂ ಓದಿದರು!
ಹೆಚ್ಚು ಗಾಬರಿಯಾದವರಿಂದ ಶುರು.
ಎಲ್ಲರಿಗಿಂತ ಶಾಂತವಾಗಿದ್ದವನಿಗೆ ಸ್ಟೀಲ್ ಡಬ್ಬಿ ಬಹುಮಾನ. ಚಪ್ಪಾಳೆ.
ಮೊದಲು ಹೋಗಿ ನಿಂತವಳು ಸಿರಸಂಗಿಯ ಆ ಹುಡುಗಿ. ಮರುದಿನದಿಂದ ಬರಲಿಲ್ಲ.
ಉಳಿದವರು ಡಬ್ಬಿಯ ಆಸೆಗೆ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಕಲಿತರು. ಇದೂ ಒಂದು ಕಲಿಕೆಯೇ ಅನ್ನಿ…

ಶೈಲಾ… ಕೇಳಿಸುತ್ತಿದೆಯೇನೇ?
ಸಿರಸಂಗಿಗೆ ನೀನೇ ಹೋದೆ. ಆ ಹುಡುಗಿಗೆ ಕೈಮುಗಿದು ನಿಂತೆ.
ಅವಳ ಅವ್ವ ಕೇಳಿದ್ದು ಇಷ್ಟೇ: "ಆ ಮೈಕ್ ಬಂದ್ ಮಾಡಸ್ತೀರೇನ್ರಿ? ಹಂಗಿದ್ರ ಕಳಸ್ತೇನಿ."
ಮಾಡಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆ ಮಾತಿಗಾಗಿ ಆಫೀಸಿನ ಬಾಗಿಲು ಎಷ್ಟು ಸಲ ತಟ್ಟಿದೆಯೋ…
ಹುಡುಗಿ ನಿನ್ನನ್ನು ನಂಬಿ ವಾಪಸ್ ಬಂದಿದ್ದಾಳೆ. ಮೈಕ್ ಬಂದ್ ಆಗಿಲ್ಲ. ನೀನು ಹೊರಟುಬಿಟ್ಟೆ.

ಟೆನ್ಶನ್ ನಿನ್ನನ್ನು ಕೊಂದಿತು ಎಂದು ಬರೆಯಲು ಕೈ ತುರಿಸುತ್ತಿದೆ. ಬರೆದರೆ ನೀನೇ ಎದ್ದು ಬಂದು ಬೈಯುತ್ತೀಯ:
"ಒಂದ ಕೇಸ್ ಹಿಡಕೊಂಡು ಏನೂ ಸಾಬೀತ ಆಗೂದಿಲ್ಲೋ ಖೋಡಿ. ಡೇಟಾ ತಾ!"
ಡೇಟಾ ಇಲ್ಲ ತಾಯಿ. ಸಿಟ್ಟು ಇದೆ. ಬೇಕಾದಷ್ಟಿದೆ.

ಈಗ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಪ್ರಾಚಾರ್ಯರ ಮೆಸೇಜ್ ಬಂತು. ನಿನ್ನ ಫೋಟೋ, ಸುತ್ತ ಗುಲಾಬಿ ಹೂ.
"ಒತ್ತಡಮುಕ್ತ ಶಿಕ್ಷಣದ ಹರಿಕಾರರಿಗೆ ನಮನಗಳು. ನಾಳೆ ಪ್ರಾರ್ಥನೆಯಲ್ಲಿ ಮೌನಾಚರಣೆ. ತರುವಾಯ ಟೆಸ್ಟ್ ಅಂಕಗಳನ್ನು ಓದಲಾಗುವುದು. ಹಾಜರಿ ಕಡ್ಡಾಯ."

ಓದಿದಿರಾ? ಮೌನ… ತರುವಾಯ ಅಂಕ!
ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ನಾಳೆ ಅದೇ ಮೈಕಿನಲ್ಲಿ ಆ ಹುಡುಗಿಯ ಹೆಸರು.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಯಾರಪ್ಪನಿಗೂ ಹೆದರುವ ಪೈಕಿ ಅಲ್ಲ. ನಾಳೆ ಮೌನ ಮುಗಿದ ಕೂಡಲೇ ಮೈಕ್ ಕಿತ್ತುಕೊಳ್ಳುತ್ತೇನೆ. ಎಲ್ಲರ ಎದುರಿಗೇ ಹೇಳುತ್ತೇನೆ: ಸರ್, ಅವಳು ಅಳೆದದ್ದು ಮಕ್ಕಳ ಗಾಬರಿಯನ್ನಲ್ಲ, ನಿಮ್ಮನ್ನು!

ಹೋಗಿ ಬಾ ಶೈಲಾ…
ನೀನು ಹೋದಲ್ಲಿ ಯಾರೂ ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗದಿರಲಿ. ನಿನ್ನ ಜೀವ ತಣ್ಣಗಿರಲಿ.

ಇನ್ನೊಂದು ಮಾತು…
ಮೇಲೆ ಪ್ರಾಚಾರ್ಯರ ಮಾತು ಬರೆಯುವಾಗಲೆಲ್ಲ ಈ ಬ್ಯಾಂಡ್ ಕೆಂಪಗಾಗುತ್ತಿತ್ತು. ಹಾಗಾಗಿ ಈ ಪೋಸ್ಟು ಅವರೊಬ್ಬರಿಗೆ ಕಾಣದಂತೆ ಸೆಟ್ಟಿಂಗ್ ಮಾಡಿದ್ದೇನೆ.
ಧೈರ್ಯ ಇದ್ದವರು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಅವರಿಗೆ ಕಳಿಸಿ. ಬೆಳಗಾಗುವುದರೊಳಗೆ ಕಳಿಸಿ…
ನನ್ನ ಹೆಸರು ಮಾತ್ರ ಕತ್ತರಿಸಿ.