ಕೆರೆ ಸುತ್ತ ಓಡೋ ದಾರಿ

ನಾನು ಏರಿ ಮೇಲೆ ಹಸುವಿಗೆ ಹುಲ್ಲು ಕೊಯ್ತಾ ಇದ್ದೆ. ಬ್ಯಾಂಕಿಗೆ ಹೊಸದಾಗಿ ಬಂದಿರೋ ಹುಡುಗಿ ಓಡ್ತಾ ಬಂದು ನಿಂತಳು.

"ಅಜ್ಜಿ, ಕೆರೆ ಸುತ್ತ ಓಡೋಕೆ ನಾಯಿ ಕಾಟ ಇಲ್ಲದ ದಾರಿ ಯಾವುದು?"

ಗುಡ್ಡದ ಬುಡದಲ್ಲಿ ಹೋದರೆ ನಾಯಿನೂ ಇಲ್ಲ, ನೋಡೋಕೂ ಚೆಂದ. ಆದರೆ ಆ ಕಡೆ ಮನೆಗಳೇ ಇಲ್ಲವಲ್ಲ.

"ಗಂಗಮ್ಮನ ತೆಂಗಿನ ತೋಟದ ಮೇಲೆ ಹೋಗವ್ವ," ಅಂದೆ. "ಹಂಗೇ ಅವಳ ಜಗಲಿ ಮುಂದೆ ಎಷ್ಟು ಜೊತೆ ಚಪ್ಪಲಿ ಬಿದ್ದವೆ ನೋಡ್ಕೊಂಡು ಬಾ."

ಗಂಗಮ್ಮನ ಮಗಳನ್ನ ನೋಡೋಕೆ ಬಂದ ಗಂಡಿನ ಕಡೆಯವರು ರಾತ್ರಿ ಅಲ್ಲೇ ಉಳಿದರು ಅಂತ ಸುದ್ದಿ. ಸುಮ್ಮನೆ ಹೆಂಗಿರಲಿ?

ಹುಡುಗಿ ಒಂದು ಸುತ್ತು ಮುಗಿಸಿ ಏದುಸಿರು ಬಿಡ್ತಾ ಬಂದಳು. "ಎರಡೇ ಜೊತೆ ಅಜ್ಜಿ. ಆ ಅಮ್ಮನೂ ನನಗೊಂದು ದಾರಿ ಹೇಳಿಕೊಟ್ಟರು."

"ಯಾವುದವ್ವ?"

"ನಿಮ್ಮ ಹಿತ್ತಲ ದಾರಿ. ತಂತಿ ಮೇಲೆ ನಿಮ್ಮ ಸೊಸೆ ಸೀರೆ ಒಣಗ್ತಿದೆಯಾ ನೋಡು ಅಂದ್ರು. ಈಗ ಆ ದಾರೀಲೇ ಬಂದೆ, ಒಂದೂ ಇರಲಿಲ್ಲ. ನಾಳೆ ಅವರಿಗೆ ಹೇಳಬೇಕು."

ನನ್ನ ಕುಡುಗೋಲು ನಿಂತೇ ಹೋಯ್ತು. ಸೊಸೆ ನನ್ನ ಹತ್ತಿರ ಜಗಳ ಆಡಿಕೊಂಡು ದಬ್ಬೇಘಟ್ಟದ ತವರಿಗೆ ಹೋಗಿ ನಾಲ್ಕು ದಿನ ಆಗಿತ್ತು. ಊರಿಗೆಲ್ಲ ನಾನು, ಅವಳಿಗೆ ಜ್ವರ, ಒಳಗೆ ಮಲಗವಳೆ ಅಂತ ಹೇಳಿದ್ದೆ.

ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ಎದ್ದು, ಪೆಟ್ಟಿಗೆಯಿಂದ ಅವಳ ಎರಡು ಸೀರೆ ತೆಗೆದು, ನೀರಲ್ಲಿ ಅದ್ದಿ ತಂತಿ ಮೇಲೆ ಹರವಿದೆ. ಆಮೇಲೆ ಏರಿಗೆ ಹೋಗಿ ಹುಡುಗಿನ ತಡೆದೆ.

"ಇವತ್ತು ಮೊದಲು ನಮ್ಮ ಹಿತ್ತಲ ದಾರೀಲಿ ಓಡವ್ವ. ಗಂಗಮ್ಮನ ಕಡೆ ಆಮೇಲೆ ಹೋಗುವಂತೆ."

ಗುಡ್ಡದ ಬುಡದ ದಾರಿನ ಆ ಹುಡುಗಿಗೆ ಇನ್ನೂ ಯಾರೂ ಹೇಳಿಲ್ಲ.