ಪಿಕಪ್‌ನ ಹಿಂದೆ ಕೂತವರಿಗೆ ಗೊತ್ತಿದ್ದ ಸದ್ದು

ಮಾನಂದವಾಡಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ನನ್ನ ಪಿಕಪ್‌ನ ಗೇರ್‌ಬಾಕ್ಸ್ ಇಳಿಸಲು ಸ್ಪ್ಯಾನರ್ ಎತ್ತಿಕೊಂಡಾಗ, ಗಾಡಿಯ ಹಿಂಬದಿಯಲ್ಲಿ ಕುಳಿತಿದ್ದ ಮಾಳಿಯಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. ಅವರು ನಮ್ಮ ಶುಂಠಿ ಹೊಲದ ಕೆಲಸಕ್ಕೆ ದಿನವೂ ಅದೇ ಗಾಡಿಯಲ್ಲಿ ಬರುವವರು. ಗೇರ್ ಬದಲಿಸಿದಾಗಲೆಲ್ಲ ಬರುತ್ತಿದ್ದ ಟಣ್ ಸದ್ದಿನ ಬಗ್ಗೆ ತಿಂಗಳಿಂದ ನಮ್ಮಲ್ಲಿ ಪಂಡಿತರ ಸಭೆಯೇ ನಡೆದಿತ್ತು. ಭಾವ ಕ್ಲಚ್ ಎಂದಿದ್ದರು. ನಾನು ಮೊಬೈಲಿನಲ್ಲಿ ಹತ್ತಾರು ವಿಡಿಯೊ ನೋಡಿ ಗೇರ್‌ಬಾಕ್ಸ್ ಎಂದು ತೀರ್ಪು ಕೊಟ್ಟಿದ್ದೆ. ಮೆಕ್ಯಾನಿಕ್ ಸದ್ದು ಕೇಳುವ ಮೊದಲೇ ಅದನ್ನು ಒಪ್ಪಿದ್ದ.

"ಒಚ್ಚೆ, ಆ ಸದ್ದು, ಮುಂದೆ ಅಲ್ಲ ಅಣ್ಣಾ, ನಮ್ಮ ಕಾಲಡೀಲಿ. ನೀವು ಗೇರು ಹಾಕ್ದಾಗೆಲ್ಲ ತಗಡು ಕೆಳಗಿಂದ ಒದೀತದೆ" ಎಂದರು ಮಾಳಿಯಮ್ಮ.

ಮೆಕ್ಯಾನಿಕ್ ಮುಖ ಸಿಂಡರಿಸಿಕೊಂಡೇ ಗಾಡಿಯಡಿ ನುಸುಳಿ, ಗೇರ್‌ಬಾಕ್ಸಿನಿಂದ ಹಿಂಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಿದ. ಅದರ ಕೀಲಿನ ಕ್ರಾಸ್ ಪೂರ್ತಿ ಸವೆದು ಲೊಡಲೊಡ ಎನ್ನುತ್ತಿತ್ತು. ಇಳಿಜಾರಿನಲ್ಲಿ ಶಾಫ್ಟ್ ಕಳಚಿ ಬಿದ್ದಿದ್ದರೆ ಎಂದು ಹೆದರಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಾಳಿಯಮ್ಮನ ಮೇಲೇ ರೇಗಿದೆ.

"ಹೆದ್ರಿಕೊಂಡು ನಿಮ್ಮ ಹಿಂದಿನ ಗಾಜು ತಟ್ಟಿದ್ವಲ್ಲ. ನೀವು ಹಾಡು ಜೋರು ಮಾಡಿದ್ರಿ."

ಕ್ರಾಸ್ ಬದಲಾಯಿತು, ಸದ್ದು ನಿಂತಿತು. ಸಂಜೆ ಭಾವನಿಗೆ ಫೋನ್ ಮಾಡಿ, ದೋಷ ನಾನೇ ಕಂಡುಹಿಡಿದೆ ಎಂದೆ. ಆಗ ಆಗದ ನಾಚಿಕೆ ಇದನ್ನು ಬರೆಯುವಾಗ ಆಗುತ್ತಿದೆ.