ಕಾಲರ್ ಮಾವ

ಕಾಲರ್ ಮಾವನ ಎದುರು ಯಾರೂ ಬೆನ್ನು ತಿರುಗಿಸಿ ನಿಲ್ಲುವಂತಿಲ್ಲ. ನಿಂತರೆ ಕಾಲರ್ ಮಗುಚಿ, ಒಳಗಿನ ಚೀಟಿಯಲ್ಲಿ ಅಂಗಿ ಯಾವ ದೇಶದ್ದೆಂದು ಓದಿಯೇ ಬಿಡುತ್ತಾನೆ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆ ಮದುಮಗನ ಕೊರಳಲ್ಲೂ! ಓದಿ, "ಪರದೇಶಿ ಮಾಲು" ಎಂದು ಮೂಗು ಮುರಿಯುತ್ತಾನೆ. ಕಾರಣವಿಲ್ಲದೆ ಅಲ್ಲ. ಹೊರದೇಶದ ಅಗ್ಗದ ಅಂಗಿಗಳು ನುಗ್ಗಿ, ಅವನು ಆಯುಷ್ಯವಿಡೀ ಕಾಲರ್ ಹೊಲಿದ ಕಾರ್ಖಾನೆ ಬಾಗಿಲು ಹಾಕಿತು. ಹಾಗೆ ಕೆಲಸ ಕಳೆದುಕೊಂಡವರಿಗೆಂದು ಸರ್ಕಾರ ಭತ್ಯೆ ಕೊಟ್ಟು ಫ್ರಿಜ್ ರಿಪೇರಿ ಕಲಿಸಿತು; ಸದಾ ಕೊತಕೊತ ಕುದಿಯುವ ಮನುಷ್ಯನಿಗೆ ತಣ್ಣಗಿನ ಕಸುಬು! ಅಲ್ಲೂ ತಾಮ್ರದ ಕೊಳವೆಗೆ ಬೆಸುಗೆ ಹಾಕಿ, "ಹೊಲಿಗೆ ಹೇಗಿದೆ ಮೇಷ್ಟ್ರೇ?" ಎಂದೇ ಕೇಳುತ್ತಿದ್ದ. ಎಲ್ಲ ಸರಿಹೋಯಿತು ಎನ್ನುವಾಗ, ಕೊನೆಯ ಪರೀಕ್ಷೆಯ ಬೆಳಿಗ್ಗೆ, ತರಬೇತಿಯವರು ಕೊಟ್ಟ ನೀಲಿ ಮೇಲಂಗಿಯ ಕಾಲರ್ ಮಗುಚಿದ. ಅದೂ ಪರದೇಶಿ! "ಸತ್ರೂ ಹಾಕ್ಕೊಳಲ್ಲ." "ಹಾಕ್ಕೊಳ್ದಿದ್ರೆ ಪರೀಕ್ಷೆಗೆ ಬಿಡಲ್ಲ, ಪರೀಕ್ಷೆ ಆಗ್ದಿದ್ರೆ ಕೆಲಸ ಇಲ್ಲ. ಆಮೇಲೆ ನಾವೇ ಪರದೇಶಿಗಳು!" ಎಂದಳು ಹೆಂಡತಿ. ಬೈಯುವುದಕ್ಕಾದರೂ ಒಂದು ತಪ್ಪು ಸಿಗಲಿ ಎಂದು ಮಾವ ಮೇಲಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಾಲರಿನ ಮೂಲೆ ಅವನೇ ಹೊಲಿದಷ್ಟು ಚೂಪಾಗಿತ್ತು. ಮುಗಿಯುವ ಕಡೆ ಮಾತ್ರ ಹೊಲಿಗೆ ಅವಸರಕ್ಕೆ ಸೊಟ್ಟಗಾಗಿತ್ತು. ಅದರ ಮೇಲೆ ಬಹಳ ಹೊತ್ತು ಬೆರಳಾಡಿಸಿದ. "ಹೊಲಿದವರ ಕೈ ಚೆನ್ನಾಗಿದೆ ಕಣೇ," ಎಂದ ಮೆಲ್ಲಗೆ. "ಪಾಪ, ಅಲ್ಲೂ ಯಾರೋ ಬೆನ್ನ ಹಿಂದೆ ನಿಂತು ಬೇಗ ಬೇಗ ಅಂತಿದ್ದಾರೆ." ಮೇಲಂಗಿ ತೊಟ್ಟು, ಗುಂಡಿ ಹಾಕಿಕೊಂಡು ಹೊಸ್ತಿಲು ದಾಟಿದ. "ಬಾಗಿಲು ಹಾಕ್ಕೋ. ನಾನೂ ಆ ಪುಣ್ಯಾತ್ಮನೂ ಪಾಸಾಗಿ ಬರ್ತೀವಿ."